ಇಂಗ್ಲೆಂಡಿನಿಂದ ಎರಡು ಲೀಟರ್ ಬರ್ತಿದೆ: ವಿಸ್ಕಿ ತರಿಸಲಾ, ಸೈಡರ್ ತರಿಸಲಾ?

ಉಣಕಲ್ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿವರೆಗೆ ಬರೀ ಬಿಯರ್ ಕುಡಿದವನು, ಅದೂ ಮೈಲ್ಡ್. ಸ್ಟ್ರಾಂಗ್ ಕುಡಿದರೆ ಮರುದಿನ ಆಫೀಸಿನಲ್ಲಿ ಕೂರೋಕಾಗಲ್ಲ. ನಮ್ಮ ಕಾಕಾನ ಮಗ ಲೀಡ್ಸ್‌ನಲ್ಲಿದ್ದಾನೆ, ದೀಪಾವಳಿಗೆ ಹುಬ್ಬಳ್ಳಿಗೆ ಬರ್ತಾನೆ. ಅವನು ಕುಡಿಯಲ್ಲ, ಹಾಗಾಗಿ ಕಸ್ಟಮ್ಸ್‌ನವರು ಬಿಡೋ ಎರಡು ಲೀಟರ್ ಪೂರ್ತಿ ನನ್ನ ಪಾಲಿಗೆ. ವಿಸ್ಕಿ ಕಲಿಯಬೇಕು ಅಂತ ಆಸೆ ಇದೆ. ಆದರೆ ಹೊಗೆ ವಾಸನೆ ನನಗೆ ಆಗಿ ಬರಲ್ಲ, ಕಹಿಯೂ ಅಷ್ಟಕ್ಕಷ್ಟೇ. ಮನೆಯವಳು ಸೈಡರ್, ಅಂದರೆ ಸೇಬಿನ ರಸ ಹುಳಿಬರಿಸಿ ಮಾಡೋ ಮದ್ಯ, ರುಚಿ ನೋಡೋಣ ಅಂತಿದ್ದಾಳೆ. ಆರು ಸಾವಿರದ ಒಳಗೆ ಏನು ಹೇಳಲಿ? ಕುಡಿದು ನೋಡಿದವರು ನಿಮ್ಮ ಅನುಭವ ಹೇಳಿ.

ಬೆಟಗೇರಿ ಕಾಕಾ
ಹೊಗೆ ಆಗಿ ಬರಲ್ಲ ಅನ್ನೋದನ್ನು ಮೊದಲು ತಲೆಯಿಂದ ತೆಗಿ ತಮ್ಮಾ. ನಾನು ಅರ್ಧ ಆಯುಷ್ಯ ಕ್ವಾರ್ಟರ್ ಬಾಟ್ಲಿಯಲ್ಲೇ ಕಳೆದವನು. ನಮ್ಮಲ್ಲಿ ಕಡಿಮೆ ರೇಟಿಗೆ ಸಿಗೋ ವಿಸ್ಕಿ ಬಹುತೇಕ ಕಾಕಂಬಿ ಸ್ಪಿರಿಟ್. ಅದರ ಮೇಲೆ ಒಂದಿಷ್ಟು ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ), ಒಂದಿಷ್ಟು ಬಣ್ಣ. ಗಟಗಟ ಇಳಿಸೋಕೆ ಸರಿ, ನಾಲಿಗೆಗೆ ಅದರಿಂದ ಏನೂ ಸಿಗಲ್ಲ. ಆಮೇಲೆ ಸ್ಕಾಟ್ಲೆಂಡಿನ ಐಲಾ (Islay) ದ್ವೀಪದ ಹೊಗೆ ವಾಸನೆಯ ವಿಸ್ಕಿ, ಲಫ್ರೋಯ್ಗ್ ಹತ್ತು ವರ್ಷದ್ದು ತಂದೆ. ಮೂಗಿಗೆ ಹಿಡಿದ ಕೂಡಲೇ ಟಿಂಚರ್ ವಾಸನೆ. ಮನೆಯವಳು ಗ್ಲಾಸ್ ತಗೊಂಡು ಹೊರಗೆ ಹೋಗ್ರಿ ಅಂದಳು. ಕಟ್ಟೆ ಮೇಲೆ ಕೂತೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಚಮಚದಿಂದ ನೀರು ಹನಿ ಹನಿ ಹಾಕಿದೆ. ಮೊದಲು ಬರೀ ಹೊಗೆ. ಅದು ಸರಿದ ಮೇಲೆ ಒಂದು ಸಿಹಿ, ಕೊನೆಗೆ ತುಟಿ ಮೇಲೆ ಉಪ್ಪು. ಜೊತೆಗೆ ನಮ್ಮ ಬೆಟಗೇರಿಯ ಸಾವಜಿ ಮಟನ್. ಆ ಕೆಂಪು ಎಣ್ಣೆಯ ಖಾರದ ಎದುರು ಉಳಿದ ವಿಸ್ಕಿ ಎಲ್ಲ ನೀರಾಗುತ್ತೆ, ಇದು ಮಾತ್ರ ಗಟ್ಟಿಯಾಗಿ ನಿಲ್ಲುತ್ತೆ.

ಖರ್ಚು ಕೇಳು. ಇಲ್ಲಿಯ ಟ್ಯಾಕ್ಸ್ ಎಲ್ಲ ಸೇರಿ ಬಾಟ್ಲಿಗೆ ಒಂಬತ್ತು ಸಾವಿರದ ಹತ್ತಿರ ಹೋಯ್ತು. ಮೂತಿ ಕಿರಿದಾದ ಗ್ಲಾಸ್ ಜೋಡಿ ಆನ್‌ಲೈನ್‌ನಲ್ಲಿ 1,800. ಒಂದು ಒಡೆದೇ ಬಂತು, ಫೋಟೋ ಕಳಿಸಿದರೂ ರೊಕ್ಕ ವಾಪಸ್ ಬರಲಿಲ್ಲ. ನಮ್ಮ ಬೋರ್ ನೀರು ಸವಳು, ನಾಲ್ಕು ಹನಿ ಬಿದ್ದರೂ ರುಚಿ ಹೋಗುತ್ತೆ, ಅದಕ್ಕೆ 20 ಲೀಟರ್ ಕ್ಯಾನ್ ಬೇರೆ ತರಿಸಬೇಕು. ಇಷ್ಟೆಲ್ಲ ಮಾಡಿ ಇಟ್ಟಿದ್ದಕ್ಕೆ ಅಳಿಯ ಬಂದು ಕೋಲಾ ಸುರಿದುಕೊಂಡ. ಅವತ್ತು ನಮ್ಮಿಬ್ಬರ ನಡುವೆ ಆದ ಮಾತು ಇನ್ನೂ ಸರಿಹೋಗಿಲ್ಲ.

ಸಾಧನಕೇರಿ ಅಕ್ಕ
ಸೈಡರ್ ತರಿಸು ತಮ್ಮಾ. ನನಗೆ ಗೋಧಿ, ಬಾರ್ಲಿ ಎರಡೂ ಆಗಲ್ಲ. ಹೊಟ್ಟೆ ಉಬ್ಬಿ, ಮೈಯೆಲ್ಲ ದದ್ದು ಎದ್ದು, ಟೆಸ್ಟ್ ಮೇಲೆ ಟೆಸ್ಟ್ ಮಾಡಿಸಿ ಹದಿನೆಂಟು ಸಾವಿರ ಖರ್ಚಾದ ಮೇಲೆ ಗೊತ್ತಾಗಿದ್ದು. ಅಲ್ಲಿಗೆ ಬಿಯರ್ ಮುಗೀತು. ಆಗ ನಾನು ಕೆಲಸದ ಮೇಲೆ ಬ್ರಿಸ್ಟಲ್‌ನಲ್ಲಿದ್ದೆ. ಪಕ್ಕದಲ್ಲೇ ಸಾಮರ್‌ಸೆಟ್, ಸೈಡರ್ ಸೇಬಿನ ತವರು. ಅಲ್ಲಿ ಸೈಡರ್‌ಗೆ ಅಂತಲೇ ಬೇರೆ ಸೇಬು ಬೆಳೀತಾರೆ. ಡ್ಯಾಬಿನೆಟ್, ಕಿಂಗ್ಸ್‌ಟನ್ ಬ್ಲ್ಯಾಕ್ ಅಂತ ಹೆಸರು. ಹಾಗೇ ಕಚ್ಚಿದರೆ ನೇರಳೆ ಹಣ್ಣು ತಿಂದಾಗ ಹಿಡಿಯೋ ಹಾಗೆ ನಾಲಿಗೆ ಹಿಡಿಯುತ್ತೆ. ಆ ಒಗರೇ ಒಳ್ಳೆ ಸೈಡರ್‌ನ ಜೀವ. ಡ್ರೈ ಸೈಡರ್‌ನಲ್ಲಿ ಸಿಹಿ ಇರೋದೇ ಇಲ್ಲ. ಹುಳಿ, ಒಗರು, ಆಮೇಲೆ ಸೇಬಿನ ಸಿಪ್ಪೆಯ ವಾಸನೆ. ಪಬ್‌ನಲ್ಲಿ ಒಂದು ಪೈಂಟ್ ಅಂದರೆ 568 ಎಂಎಲ್, ನಮ್ಮ ಕಡೆಯ 330ರ ಪೈಂಟ್ ಅಲ್ಲ. ಅದೊಂದನ್ನು ಇಟ್ಟುಕೊಂಡು ಇಡೀ ಸಂಜೆ ಕೂರ್ತಿದ್ದೆ.

ಧಾರವಾಡಕ್ಕೆ ವಾಪಸ್ ಬಂದ ಮೇಲೆ ಶುರುವಾಯ್ತು ಫಜೀತಿ. ಒಂದು ಅಂಗಡಿಯಲ್ಲಿ ಸೈಡರ್ ಅಂತ ಕೇಳಿದರೆ ಬಣ್ಣಬಣ್ಣದ ಸಿಹಿ ಬಾಟ್ಲಿ ತೋರಿಸಿದರು. ಇನ್ನೊಂದರಲ್ಲಿ ಅಡುಗೆಗೆ ಹಾಕೋ ವಿನೆಗರ್ ಬೇಕಾ ಮೇಡಂ ಅಂದರು. ಹೆಂಗಸೊಬ್ಬಳು ಕೌಂಟರ್ ಮುಂದೆ ನಿಂತರೆ ಸುತ್ತ ನಿಂತವರು ನೋಡೋ ನೋಟ ಬೇರೆ. ಗೆಳತಿ ಬರುವಾಗ ಅರ್ಧ ಲೀಟರ್‌ನ ನಾಲ್ಕು ಬಾಟ್ಲಿ ತಂದಳು. ದಾರಿಯಲ್ಲೇ ಒಂದು ಸೋರಿತು. ಅವಳ ಎರಡು ರೇಷ್ಮೆ ಸೀರೆ ಡ್ರೈ ಕ್ಲೀನಿಂಗ್‌ಗೆ ಹಾಕಿ 900 ಕೊಟ್ಟೆ, ಒಂದರ ಕಲೆ ಹೋಗಲೇ ಇಲ್ಲ. ಆದರೂ ಉಳಿದ ಮೂರು ಬಾಟ್ಲಿ ಕುಡಿದ ಸಂಜೆಗಳನ್ನು ಯಾವ ಮಾಲ್ಟ್ ಕೊಟ್ಟರೂ ಬಿಟ್ಟುಕೊಡಲ್ಲ.

ಬೆಟಗೇರಿ ಕಾಕಾ
ಎರಡು ಲೀಟರ್ ಬಿಡ್ತಾರೆ ಅಂತ ನಾಲ್ಕೂವರೆ ಪರ್ಸೆಂಟಿನ ಸೇಬಿನ ರಸ ಹೊತ್ತು ತರೋದಾ? ಎರಡು ಸಂಜೆಗೆ ಖಾಲಿ. ಏರ್‌ಪೋರ್ಟಿನಲ್ಲಿ ಒಂದೊಂದು ಲೀಟರಿನ ಎರಡು ವಿಸ್ಕಿ ಬಾಟ್ಲಿ ತಂದರೆ ವರ್ಷ ಬರುತ್ತೆ.

ಸಾಧನಕೇರಿ ಅಕ್ಕ
ಕಾಕಾ, ರಸ ಅನ್ನಬೇಡಿ. ಹುಳಿಬಂದು ವಾರಗಟ್ಟಲೆ ಕೂತದ್ದು ಅದು. ಪರ್ಸೆಂಟ್ ನೋಡಿ ರುಚಿ ಅಳೆಯೋದಾದರೆ ನೇರ ಸ್ಪಿರಿಟ್ ಕುಡೀರಿ. ಮತ್ತೆ ಅವನ ಮನೆಯವಳೂ ಏನೋ ಕೇಳಿದ್ದಾಳೆ. ಅದರ ಬಗ್ಗೆ ನೀವು ಒಂದು ಅಕ್ಷರ ಬರೆದಿಲ್ಲ.

ಕೇಶ್ವಾಪುರ ಮಾಲ್ಟ್
ಇಂಗ್ಲೆಂಡಿನಿಂದ ಯಾಕೆ ತರಿಸಬೇಕು ಅನ್ನೋದೇ ನನ್ನ ಪ್ರಶ್ನೆ. ವಿಸ್ಕಿ ಮಾಡೋ ನಮ್ಮ ಅಮೃತ್ ಕಂಪನಿ 1948ರಿಂದ ಬೆಂಗಳೂರಿನಲ್ಲಿದೆ. 2004ರಲ್ಲಿ ತಮ್ಮ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯ ಮಾಲ್ಟ್ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅವರ ಮನೆ ಬಾಗಿಲಿಗೇ ಹೋಗಿ ಇಟ್ಟರು. ಅಲ್ಲಿಯ ಚಳಿಯಲ್ಲಿ ಮಾಗೋಕೆ ಇಟ್ಟ ವಿಸ್ಕಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಎರಡು ಪರ್ಸೆಂಟ್ ಆರಿಹೋಗುತ್ತೆ, ಬೆಂಗಳೂರಿನಲ್ಲಿ ಹತ್ತಕ್ಕೂ ಜಾಸ್ತಿ. ಅದಕ್ಕೇ ನಮ್ಮ ಮಾಲ್ಟ್ ಬೇಗ ಮಾಗುತ್ತೆ, ಹನ್ನೆರಡು ವರ್ಷ ಇಟ್ಟರೆ ಪೀಪಾಯಿಯಲ್ಲಿ ಉಳಿಯೋದೇ ಸ್ವಲ್ಪ. ಲೇಬಲ್ ಮೇಲೆ ವರ್ಷ ಇಲ್ಲ ಅಂತ ಮೂಗು ಮುರಿಯೋರಿಗೆ ಈ ಲೆಕ್ಕ ಗೊತ್ತಿರಲ್ಲ.

ನನಗೆ ಹೊಟ್ಟೆ ಉರಿಯೋದು ರೇಟಿಗೆ. ಇಲ್ಲೇ ಆದ ಮಾಲ್ಟ್ ಇಲ್ಲೇ ದುಬಾರಿ. ಗೆಳೆಯನೊಬ್ಬ ಗೋವಾದಲ್ಲಿ ಕಡಿಮೆ ಅಂತ ಆರು ಬಾಟ್ಲಿ ತಂದ. ಅದರಲ್ಲಿ ಎರಡಕ್ಕೆ ನನ್ನ ರೊಕ್ಕ. ಘಟ್ಟದ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸಿ ಆರನ್ನೂ ಇಳಿಸಿಕೊಂಡರು. ಬಿಲ್ ಇತ್ತು, ಪರ್ಮಿಟ್ ಇರಲಿಲ್ಲ. ಕಾರು ಬಿಡಿಸಿಕೊಳ್ಳೋಕೆ ಅವನು ಓಡಾಡಿದ್ದು, ವಕೀಲರ ಫೀಸು, ಟ್ಯಾಕ್ಸಿ, ಎಲ್ಲ ಸೇರಿಸಿದರೆ ಹುಬ್ಬಳ್ಳಿಯಲ್ಲೇ ಹನ್ನೆರಡು ಬಾಟ್ಲಿ ಬರ್ತಿತ್ತು. ನನ್ನ ಎರಡರ ರೊಕ್ಕ ಕೇಳೋಕೆ ಮುಖ ಬರಲಿಲ್ಲ.

ಅಕ್ಕ, ಒಂದು ಮಾತು. ವಿಸ್ಕಿ ಭಟ್ಟಿ ಇಳಿಸಿದ್ದು. ಬಾರ್ಲಿಯ ಗ್ಲುಟನ್ ಅನ್ನೋ ಪ್ರೋಟೀನ್ ಅದರಲ್ಲಿ ಬರಲ್ಲ. ನೀವು ಆರಾಮ ಕುಡಿಯಬಹುದು.

ಸಾಧನಕೇರಿ ಅಕ್ಕ
ಅದು ನನಗೆ ಡಾಕ್ಟರೇ ಹೇಳಿದ್ದಾರೆ. ವಿಸ್ಕಿ ನನಗೆ ಹಿಡಿಸಲ್ಲ, ಅಷ್ಟೇ. ಕುಡಿಯಬಹುದು ಅಂದ ಮಾತ್ರಕ್ಕೆ ಕುಡಿಯಲೇಬೇಕಾ?

ಬೆಟಗೇರಿ ಕಾಕಾ
ಕೇಶ್ವಾಪುರದವರೇ, ನಿಮ್ಮ ಅಮೃತ್‌ನವರ ಫ್ಯೂಷನ್ ಅನ್ನೋ ಮಾಲ್ಟ್‌ಗೆ ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿಯೇ ಬೇಕು. ಅದನ್ನೂ ಹೇಳಿ.

ಕೇಶ್ವಾಪುರ ಮಾಲ್ಟ್
ಹೌದು, ನಮ್ಮ ಬಾರ್ಲಿಯ ಜೊತೆ ಅದನ್ನೂ ಸೇರಿಸ್ತಾರೆ. ಹೆಸರೇ ಫ್ಯೂಷನ್, ಮುಚ್ಚಿಟ್ಟಿಲ್ಲ. ನಿಮ್ಮ ಸ್ಕಾಟ್ಲೆಂಡಿನವರು ಪೀಪಾಯಿ ಎಲ್ಲಿಂದ ತರ್ತಾರೆ? ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿ, ಸ್ಪೇನಿನ ಶೆರ್ರಿ ವೈನಿನ ಪೀಪಾಯಿ. ಹಾಗಾದರೆ ಅದು ಸ್ಕಾಚ್ ಅಲ್ಲವಾ?

ಬ್ಯಾಡಗಿ ಖಾರ
ಸೈಡರ್ ಬೇಕಾದರೆ ಇಂಗ್ಲೆಂಡ್ ಯಾಕೆ, ಮನೆಯಲ್ಲೇ ಆಗುತ್ತೆ. ನಾನು ಮಾಡಿದ್ದೇನೆ. ಸೀಸನ್‌ನಲ್ಲಿ ಶಿಮ್ಲಾ ಸೇಬು ಎರಡು ಪೆಟ್ಟಿಗೆ ಹುಬ್ಬಳ್ಳಿ ಎಪಿಎಂಸಿಯಿಂದ ತಂದೆ. ಮಿಕ್ಸರ್‌ನಲ್ಲಿ ರುಬ್ಬಿ ಪಂಚೆಯಲ್ಲಿ ಹಿಂಡಿದೆ. ಅರ್ಧಕ್ಕೇ ಮಿಕ್ಸರ್ ಮೋಟಾರ್ ಸುಟ್ಟಿತು, ರಿವೈಂಡಿಂಗ್‌ಗೆ 750. ಉಳಿದದ್ದನ್ನು ತುರಿಮಣೆಯಲ್ಲಿ ತುರಿದೆ, ಬೆರಳು ಕಿತ್ತುಬಂತು. ಅಕ್ಕ ಹೇಳಿದ ಒಗರು ತಿನ್ನೋ ಸೇಬಿನಲ್ಲಿ ಇಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೆ ಗಟ್ಟಿ ಚಹಾ ಡಿಕಾಕ್ಷನ್ ಹಾಕಿದೆ, ಹುಳಿಗೆ ನಿಂಬೆರಸ. ಬೇಕರಿಯವರ ಹತ್ತಿರ ಯೀಸ್ಟ್ ತಗೊಂಡೆ. ಒಂದು ವಾರ ಬುಳುಬುಳು ಅಂತಿತ್ತು. ತಿಳಿಯಾದ ಮೇಲೆ ಗ್ಲಾಸಿಗೆ ಬಗ್ಗಿಸಿದರೆ ಎಳೆ ಬಿಸಿಲಿನ ಬಣ್ಣ. ರುಚಿ ಭಾರಿ ಇತ್ತು. ಮಿರ್ಚಿ ಭಜಿ ಜೊತೆ ಅದರಂಥದ್ದು ಬೇರೆ ಇಲ್ಲ.

ಬಾಟ್ಲಿಗಳು ಮಾತ್ರ ಕೈ ಕೊಟ್ಟವು. ಮೋಡಕಾದವನ (ಗುಜರಿಯವನ) ಹತ್ತಿರ ತಂದ ತೆಳು ಗಾಜು. ಒಳಗೆ ಸಕ್ಕರೆ ಉಳಿದಿದ್ದರೆ ಯೀಸ್ಟ್ ಸುಮ್ಮನಿರಲ್ಲ, ಗ್ಯಾಸ್ ಕಟ್ಟುತ್ತೆ. ಬಿಸಿಲು ಏರಿದ ಮೇಲೆ ಒಂದು ರಾತ್ರಿ ಅಟ್ಟದ ಮೇಲೆ ಪಟಪಟ ಅಂತ ಒಡೆದವು. ಇನ್ವರ್ಟರ್ ಮೇಲೆ ಸುರಿದು ಬೋರ್ಡ್ ಹೋಯ್ತು. ಅದಕ್ಕೆ 3,400. ಮೆಣಸಿನಕಾಯಿ ಚೀಲಕ್ಕೂ ಸಿಡಿದು ಹಿಡಿ ಹಿಡಿ ಗಾಜು. ಒಳ್ಳೆ ಕಡ್ಡಿ ಬ್ಯಾಡಗಿ, ಇಡೀ ಚೀಲ ಚೆಲ್ಲಬೇಕಾಯ್ತು. ಸೇಬಿಗಿಂತ ಆ ಮೆಣಸಿನಕಾಯಿಯ ರೇಟೇ ಜಾಸ್ತಿ. ಆದರೂ ಈ ವರ್ಷ ಶಾಂಪೇನ್ ಬಾಟ್ಲಿಯಂಥ ದಪ್ಪ ಗಾಜು ಹುಡುಕ್ತಾ ಇದ್ದೇನೆ.

ನವನಗರದವ
ಇಂಥದ್ದನ್ನು ಇಲ್ಲಿ ಬರೀಬೇಡಿ. ಲೈಸೆನ್ಸ್ ಇಲ್ಲದೆ ಮದ್ಯ ಮಾಡೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಮನೆಯಲ್ಲಿ ಮಾಡಿದರೂ ಅಪರಾಧವೇ. ಓದಿ ಇನ್ನೊಬ್ಬರು ಮಾಡಿ ಸಿಕ್ಕಿಬಿದ್ದರೆ ನೀವು ಹೋಗಿ ಬಿಡಿಸ್ತೀರಾ?

ಬ್ಯಾಡಗಿ ಖಾರ
ನಾನು ಮಾರಲಿಲ್ಲ, ಯಾರಿಗೂ ಕುಡಿಸಲಿಲ್ಲ. ಒಂದು ತುಂಡು ಮಾತಿನಲ್ಲಿ ಅಪರಾಧಿ ಮಾಡ್ತೀರಲ್ಲ.

ನವನಗರದವ
ಕಾಯ್ದೆ ನಾನು ಬರೆದದ್ದಲ್ಲ. ಗಾಜು ಸಿಡಿದಾಗ ಮಕ್ಕಳು ಅಟ್ಟದ ಕೆಳಗೆ ಮಲಗಿದ್ದರೆ ಏನಾಗ್ತಿತ್ತು, ಅದನ್ನಾದರೂ ಯೋಚಿಸಿ.

ಸಾಧನಕೇರಿ ಅಕ್ಕ
ಚಹಾ ಡಿಕಾಕ್ಷನ್ ಹಾಕಿದ್ದಕ್ಕೆ ಸೈಡರ್ ಅನ್ನಬೇಡಿ ಅಣ್ಣಾ. ದಯವಿಟ್ಟು.

ಗೋಕುಲ ರೋಡ್ ಬಿಯರ್
ಯಾರೂ ಬಿಯರ್ ಪರ ಮಾತಾಡಲಿಲ್ಲ. ಬಿಯರ್ ಇಷ್ಟ ಅಂದವನನ್ನು ಯಾಕೆ ವಿಸ್ಕಿಗೆ ಎಳೀತೀರಿ? ವಿಸ್ಕಿ ಕುಡಿದರೆ ದೊಡ್ಡವನಾದ ಅನ್ನೋ ಲೆಕ್ಕ ನನಗೆ ಯಾವತ್ತೂ ಅರ್ಥ ಆಗಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ತಣ್ಣನೆ ಲಾಗರ್ ಬಿಯರ್‌ಗಿಂತ ಏನು ಬೇಕು? ಬೆಂಗಳೂರಿಗೆ ಹೋದಾಗ ಅಲ್ಲಿಯ ಗೋಧಿ ಬಿಯರ್ ಕುಡಿದು ನೋಡು. ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಅವೆರಡನ್ನೂ ಯಾರೂ ಹಾಕಿರಲ್ಲ, ಆ ಯೀಸ್ಟ್‌ನದೇ ಗುಣ. ಕಹಿ ಬಹಳ ಕಡಿಮೆ. ನಿನಗೆ ಸರಿಹೋಗುತ್ತೆ.

ನನ್ನ ಸಿಟ್ಟು ಅಂಗಡಿಯವರ ಮೇಲೆ. ಹಸಿರು ಬಾಟ್ಲಿಯ ಬಿಯರ್ ಕ್ರೇಟುಗಟ್ಟಲೆ ಬಿಸಿಲಲ್ಲಿ ಇಳಿಸಿ ಬಿಡ್ತಾರೆ. ಬೆಳಕಿಗೆ ಹಾಪ್ಸ್ (ಬಿಯರ್‌ಗೆ ಕಹಿ ಕೊಡೋ ಹೂವು) ಕೆಟ್ಟು ಗಬ್ಬು ವಾಸನೆ ಬರುತ್ತೆ. ಕಂದು ಬಾಟ್ಲಿ ಆದರೆ ಸ್ವಲ್ಪ ತಡೆಯುತ್ತೆ. ಅಣ್ಣನ ಮಗಳ ನಿಶ್ಚಯಕ್ಕೆ ಬಂದ ಗೆಳೆಯರಿಗೆ ಅಂತ ಎರಡು ಕ್ರೇಟ್ ತಂದೆ. ತೆರೆದ ಮೊದಲ ಬಾಟ್ಲಿಯಲ್ಲೇ ಗೊತ್ತಾಯ್ತು. ವಾಪಸ್ ಒಯ್ದರೆ, ಮುಚ್ಚಳ ತೆಗೆದದ್ದು ತಗೊಳ್ಳಲ್ಲ ಅಂದ. ಮುಚ್ಚಳ ತೆಗೀದೆ ವಾಸನೆ ಹೇಗೆ ಗೊತ್ತಾಗಬೇಕು? ಮೇಲೆ ಟ್ಯಾಕ್ಸ್ ನೋಡಿ. 2023ರಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕ 175ರಿಂದ 185 ಪರ್ಸೆಂಟ್ ಆಯ್ತು. 2025ರಲ್ಲಿ ಮತ್ತೆ ಏರಿತು. ಇಷ್ಟು ಕೊಟ್ಟ ಮೇಲೆ ನೆರಳಲ್ಲಿಟ್ಟ ಬಿಯರ್ ಕೇಳೋದು ಜಾಸ್ತಿಯಾಯ್ತಾ?

ಉಣಕಲ್ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಆದರೆ ಹೊಗೆ ಬೇಡ ಅಂತ ಮೊದಲೇ ಬರೆದಿದ್ದೆ. ಹೊಗೆ ಇಲ್ಲದ ವಿಸ್ಕಿ ಒಂದು ಹೆಸರು ಹೇಳ್ತೀರಾ? ಮತ್ತೆ ಒಂದು ಲೀಟರ್ ವಿಸ್ಕಿ, ಉಳಿದ ಒಂದು ಲೀಟರ್ ಸೈಡರ್ ಅಂದರೆ ಆಗಲ್ವಾ?

ಕೇಶ್ವಾಪುರ ಮಾಲ್ಟ್
ಆಗುತ್ತೆ. ಸ್ಕಾಟ್ಲೆಂಡಿನ ಸ್ಪೇಸೈಡ್ ಕಡೆಯದು ಹೇಳು. ಗ್ಲೆನ್‌ಲಿವೆಟ್, ಗ್ಲೆನ್‌ಫಿಡಿಕ್ ಹನ್ನೆರಡು ವರ್ಷದ್ದು. ಹೊಗೆ ಇಲ್ಲ, ಸೇಬು, ಪಿಯರ್ ಹಣ್ಣಿನ ವಾಸನೆ. ಐಸ್ ಹಾಕಬೇಡ, ವಾಸನೆ ಸತ್ತುಹೋಗುತ್ತೆ.

ಬೆಟಗೇರಿ ಕಾಕಾ
ಬಾಟ್ಲಿ ಬಂದ ದಿನವೇ ಕಾರ್ಕ್ ನೋಡಿಕೋ ತಮ್ಮಾ. ನನ್ನದು ಎರಡನೇ ಬಾಟ್ಲಿ ತೆಗೆಯೋವಾಗ ಕಾರ್ಕ್ ಪುಡಿಪುಡಿಯಾಗಿ ಒಳಗೆ ಬಿತ್ತು. ಚಹಾ ಸೋಸೋ ಜಾಲರಿಯಲ್ಲಿ ಸೋಸಿದೆ, ಹಳೇ ಚಹಾದ ವಾಸನೆ ಅಂಟಿತು. ಒಂಬತ್ತು ಸಾವಿರದ ಮಾಲು.

ಕೇಶ್ವಾಪುರ ಮಾಲ್ಟ್
ವೈನ್ ಇಟ್ಟ ಹಾಗೆ ಅಡ್ಡ ಮಲಗಿಸಿದ್ದೀರಿ. ಸ್ಪಿರಿಟ್ ಕಾರ್ಕನ್ನು ತಿಂದುಬಿಡುತ್ತೆ. ವಿಸ್ಕಿ ಬಾಟ್ಲಿ ಯಾವಾಗಲೂ ನಿಂತೇ ಇರಬೇಕು.

ಬೆಟಗೇರಿ ಕಾಕಾ
ನನ್ನ ಮನೆಯಲ್ಲಿ ನಿಂತೇ ಇತ್ತು. ಅಂಗಡಿಯ ಮೇಲಿನ ಶೆಲ್ಫ್‌ನಲ್ಲಿ ಎಷ್ಟು ದಿನ ಅಡ್ಡ ಬಿದ್ದಿತ್ತೋ ಅವನಿಗೇ ಗೊತ್ತು. ತೆಗೆದುಕೊಡೋವಾಗ ಬಾಟ್ಲಿಯ ಒಂದೇ ಮಗ್ಗುಲಲ್ಲಿ ಧೂಳು ಇತ್ತು, ನಾನೇ ಒರೆಸಿದ್ದು. ಬಿಲ್ ಇದೆ. ನಾಳೆ ಫೋಟೋ ತೆಗೆದು ಹಾಕ್ತೇನೆ, ಆಮೇಲೆ ಮಾತಾಡಿ.