ಗೆಂಡೆ ಮೀನಿನ ಆಹಾರ: ಪ್ರೋಟೀನ್ ಜೀರ್ಣೀಯತೆ ಒಮ್ಮೆ 92, ಇನ್ನೊಮ್ಮೆ 84 ಬರುವುದೇಕೆ?

ಪ್ರಶ್ನೆ
ಆಹಾರದಲ್ಲಿ ಪ್ರೋಟೀನ್ 32%, ಸೂಚಕವಾಗಿ (ಜೀರ್ಣವಾಗದೆ ಹಾಗೇ ಮಲದಲ್ಲಿ ಹೊರಬರುವ ಗುರುತು) ಬೆರೆಸಿದ ಕ್ರೋಮಿಕ್ ಆಕ್ಸೈಡ್ 0.5%. ಬೆಳಿಗ್ಗೆ ತೊಟ್ಟಿಯ ತಳದಿಂದ ಸೈಫನ್ ಮಾಡಿದ ಮಲದಲ್ಲಿ ಕ್ರೋಮಿಕ್ ಆಕ್ಸೈಡ್ 1.6%, ಪ್ರೋಟೀನ್ 8%. ಎಲ್ಲವೂ ಒಣ ತೂಕದ ಲೆಕ್ಕ. ಜೀರ್ಣೀಯತೆ (ತಿಂದ ಪ್ರೋಟೀನ್‌ನಲ್ಲಿ ಜೀರ್ಣವಾದ ಪಾಲು) 92.2% ಬರುತ್ತದೆ. ಅದೇ ಮೀನುಗಳ ಹೊಟ್ಟೆ ಒತ್ತಿ ತೆಗೆದ ಮಲದಲ್ಲಿ 84%. ಯಾವುದನ್ನು ನಂಬಬೇಕು?

ಉತ್ತರ 1
ನಿಮ್ಮ ಲೆಕ್ಕ ಸರಿ: 100 × [1 − (0.5/1.6) × (8/32)]. ತಪ್ಪಿರುವುದು ಮಲ ಸಂಗ್ರಹದಲ್ಲಿ. ರಾತ್ರಿಯಿಡೀ ನೀರಲ್ಲಿ ಬಿದ್ದ ಮಲದಿಂದ ಸಾರಜನಕ (ಪ್ರೋಟೀನ್ ಲೆಕ್ಕ ಹಾಕುವುದು ಇದರಿಂದಲೇ) ಕರಗಿ ಹೋಗುತ್ತದೆ, ಕ್ರೋಮಿಕ್ ಆಕ್ಸೈಡ್ ಕರಗುವುದಿಲ್ಲ. ಮೀನು ಜೀರ್ಣಿಸಿಕೊಳ್ಳದ್ದೂ ಜೀರ್ಣವಾದಂತೆ ಕಾಣುತ್ತದೆ. ಹೊಟ್ಟೆ ಒತ್ತಿದರೆ ಇದರ ತಿರುವುಮುರುವು: ಇನ್ನೂ ಹೀರಿಕೆಯಾಗದ ಆಹಾರ, ಲೋಳೆ, ಮೂತ್ರ ಸೇರಿ ಅಂಕಿ ಇಳಿಯುತ್ತದೆ. ಎರಡನ್ನೂ ನಂಬಬೇಡಿ.

ಶಂಕುವಿನ ತಳವಿರುವ ತೊಟ್ಟಿಗೆ ಮಲ ಇಳಿಯುವ ಕೊಳವೆ ಜೋಡಿಸಿ. ಹೊಸ ಆಹಾರಕ್ಕೆ 5–7 ದಿನ ಒಗ್ಗಿಸಿದ ಮೇಲಷ್ಟೇ ಸಂಗ್ರಹ ಶುರುಮಾಡಿ. ಮೇವು ಹಾಕಿದ ಒಂದು ಗಂಟೆಗೆ ಉಳಿದ ಆಹಾರವನ್ನೆಲ್ಲ ತೆಗೆದು ಕೊಳವೆ ತೊಳೆಯಿರಿ. ಉಳಿಕೆ ಮಲಕ್ಕೆ ಬೆರೆತರೆ ಜೀರ್ಣೀಯತೆ ಸುಳ್ಳೇ ಕಡಿಮೆ ತೋರುತ್ತದೆ. ಕೊಳವೆಯ ತಳವನ್ನು ಮಂಜುಗಡ್ಡೆಯಲ್ಲಿಟ್ಟು, ಇಳಿದ ಮಲವನ್ನು ಆದಷ್ಟು ಬೇಗ ತೆಗೆದು ಶೈತ್ಯೀಕರಿಸಿ. ಒಂದು ಆಹಾರಕ್ಕೆ ಕನಿಷ್ಠ 3 ತೊಟ್ಟಿ ಇರಲಿ.

ಉತ್ತರ 2
ಸೂಚಕ ಸಮನಾಗಿ ಬೆರೆತಿದೆಯೇ? ಮೊದಲು ಸ್ವಲ್ಪ ಹಿಟ್ಟಿನೊಂದಿಗೆ ಕಲಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಬೇಕು. ಆಹಾರದಲ್ಲಿ 0.5% ಹಾಕಿದ್ದೀರಿ ಎಂದು 0.5 ಬರೆಯಬೇಡಿ, ಅಳೆದ ಅಂಕಿಯನ್ನೇ ಬಳಸಿ.

ಒಂದೇ ಕಚ್ಚಾವಸ್ತುವಿನ ಜೀರ್ಣೀಯತೆ ಬೇಕಿದ್ದರೆ 70 ಭಾಗ ಮೂಲ ಆಹಾರ, 30 ಭಾಗ ಆ ವಸ್ತು. ಇಲ್ಲಿ ಅನೇಕರು ಮಿಶ್ರಣ ಮತ್ತು ಮೂಲ ಆಹಾರದ ಜೀರ್ಣೀಯತೆಯ ವ್ಯತ್ಯಾಸವನ್ನು 70/30 ರಿಂದಷ್ಟೇ ಗುಣಿಸುತ್ತಾರೆ. ಎರಡರ ಪ್ರೋಟೀನ್ ಪ್ರಮಾಣವೂ ಸೇರಬೇಕು. ಮೂಲ ಆಹಾರ 32% ಪ್ರೋಟೀನ್, ವಸ್ತು 45% ಎಂದುಕೊಳ್ಳಿ: (0.7×32)/(0.3×45) = 1.66. ಮೂಲ ಆಹಾರದ ಜೀರ್ಣೀಯತೆ 88, ಮಿಶ್ರಣದ್ದು 86 ಆದರೆ ವಸ್ತುವಿನದು 86 + (86−88)×1.66 = 82.7%. ಮಿಶ್ರಣದ ಅಳತೆಯಲ್ಲಿ 1 ಅಂಶ ತಪ್ಪಿದರೆ ಉತ್ತರ 2.66 ಅಂಶ ಜರುಗುತ್ತದೆ. ಮಲ ಸಂಗ್ರಹದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಾಗುವುದೇ ಇದಕ್ಕೆ.

ಉತ್ತರ 3
ಮೀನಿಲ್ಲದೆ ಪೆಪ್ಸಿನ್ (ಜಠರದಲ್ಲಿ ಪ್ರೋಟೀನ್ ಒಡೆಯುವ ಕಿಣ್ವ) ಪರೀಕ್ಷೆಯಲ್ಲೇ ಮುಗಿಸೋಣ ಎನ್ನಿಸಬಹುದು, ಆದರೆ ಗೆಂಡೆಗೆ ಜಠರವೇ ಇಲ್ಲ, ಪೆಪ್ಸಿನ್ನೂ ಇಲ್ಲ. ಒಂದೇ ಬಗೆಯ ಮೀನುಹುಡಿಯ ಬೇರೆ ಬೇರೆ ಕಂತುಗಳನ್ನು ಹೋಲಿಸಲು ಅದು ಸಾಕು. ಸರಿಯಾಗಿ ಹುರಿಯದ ಸೋಯಾದಲ್ಲಿ ಉಳಿದ ಟ್ರಿಪ್ಸಿನ್ ತಡೆಕಾರಕ (ಕರುಳಿನಲ್ಲಿ ಪ್ರೋಟೀನ್ ಒಡೆಯುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತು) ಮಾತ್ರ ಅದರಲ್ಲಿ ಸಿಕ್ಕಿಬೀಳುವುದಿಲ್ಲ.