ಪದವಿನ ಗಿಡ, ಬನದ ಮರ: ಕುಟುಂಬ ಗುರುತಿಸಿ ಹರ್ಬೇರಿಯಂ ಮಾಡುವುದು ಹೇಗೆ?

ಕೇಳಿದವರು, ಬದಿಯಡ್ಕದ ಪ್ಲಸ್ ಟು ಟೀಚರ್: ನಮ್ಮ ಸುತ್ತಿನ ಪದವು (ಮುರಕಲ್ಲಿನ ಬಯಲು ಗುಡ್ಡೆ), ಬನ (ದೇವರಕಾಡು), ಹೊಳೆಬದಿಯ ಹೂಗಿಡಗಳನ್ನು ಕುಟುಂಬವಾರು ಹರ್ಬೇರಿಯಂ, ಅಂದರೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ ಸಂಗ್ರಹ, ಮಾಡಿಸಬೇಕಿದೆ. ಹಳೆ ಪುಸ್ತಕದಲ್ಲಿ ತೇಗ, ಲಕ್ಕಿಗಿಡ ವರ್ಬಿನೇಸಿ. ಮೊಬೈಲ್ ಆ್ಯಪಿನಲ್ಲಿ ಲೇಮಿಯೇಸಿ. ಯಾವುದು ಸರಿ? ಮಳೆಗಾಲದಲ್ಲಿ ಹಾಳೆಗಳಿಗೆ ಬೂಸ್ಟು ಹಿಡಿಯದಂತೆ ಏನು ಮಾಡುತ್ತೀರಿ?

ನೀರ್ಚಾಲಿನಿಂದ: ಟೀಚರೇ, ಚೀಟಿಯಲ್ಲಿ ಲೇಮಿಯೇಸಿ ಎಂದೇ ಬರೆಸಿ, ಕೆಳಗೆ ಹಳೆಯ ಕುಟುಂಬವನ್ನೂ ಸೇರಿಸಿ. ಹಳೆಯದು ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಹೂವಿನ ರಚನೆ ನೋಡಿ ಮಾಡಿದ ವಿಂಗಡಣೆ. ಈಗ ಬಳಕೆಯಲ್ಲಿರುವುದು 2016ರ ಎಪಿಜಿ 4 (ಆ್ಯಂಜಿಯೋಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ಸಸ್ಯವಿಜ್ಞಾನಿಗಳ ತಂಡದ ನಾಲ್ಕನೇ ವಿಂಗಡಣೆ). ಡಿಎನ್‌ಎ ಹೋಲಿಕೆಯ ಆಧಾರದ್ದು, 64 ಗಣ (ಕುಟುಂಬಗಳ ಗುಂಪು), 416 ಕುಟುಂಬ. ಹಳೆಯ ಹೆಸರು ಬಿಡಬಾರದು ಅನ್ನುವುದಕ್ಕೆ ಕಾರಣವಿದೆ. ಕಾಸರಗೋಡು 1956ರ ತನಕ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಸಸ್ಯವಿಜ್ಞಾನಿ ಗ್ಯಾಂಬಲ್ ಶುರುಮಾಡಿದ ಮದ್ರಾಸ್ ಪ್ರೆಸಿಡೆನ್ಸಿಯ ಫ್ಲೋರಾದಲ್ಲಿ (ಸಸ್ಯಗಳ ವಿವರಣೆಯ ಪುಸ್ತಕ) ನಮ್ಮ ಗಿಡಗಳೂ ಸೇರಿವೆ. ಅದು ಪೂರ್ತಿ ಹಳೆಯ ಕ್ರಮದ್ದು, ಹಳೆ ಕುಟುಂಬ ಗೊತ್ತಿಲ್ಲದಿದ್ದರೆ ಗಿಡ ಸಿಗುವುದಿಲ್ಲ.

ತೇಗ ಯಾಕೆ ಮನೆ ಬದಲಾಯಿಸಿತು ಎಂಬುದನ್ನು ಮಕ್ಕಳಿಗೆ ಹೂ ಬಿಡಿಸಿಯೇ ತೋರಿಸಬಹುದು. ಲೇಮಿಯೇಸಿಯ ತುಂಬೆಯ ಹೂವಿನ ಬುಡ ಬಿಡಿಸಿದರೆ ಅಂಡಾಶಯ ನಾಲ್ಕು ಗುಂಡುಗಳಾಗಿರುತ್ತದೆ, ಶಲಾಕೆ (ಅಂಡಾಶಯದ ಸಣ್ಣ ಕಡ್ಡಿ) ಅವುಗಳ ನಡುವೆ ಬುಡದಿಂದ ಏಳುತ್ತದೆ. ತೇಗ, ಲಕ್ಕಿಯಲ್ಲಿ ಅಂಡಾಶಯ ಇಡಿಯಾಗಿದ್ದು ಶಲಾಕೆ ಅದರ ತುದಿಯಲ್ಲಿದೆ. ಹಿಂದಿನವರು ಇದನ್ನು ನೋಡಿ ತೇಗವನ್ನು ಲಂಟಾನದ ಜೊತೆ ಇಟ್ಟರು. ಆದರೆ ಹೂ ಅರಳುವ ಕ್ರಮ ಬೇರೆಯೇ ಹೇಳುತ್ತದೆ. ಲಂಟಾನದ ಗೊಂಚಲಿನಲ್ಲಿ ಹೊರಸುತ್ತಿನ ಹೂ ಮೊದಲು ಅರಳಿ ಒಳಗೆ ಸಾಗುತ್ತದೆ. ತೇಗದ ಪ್ರತಿ ಕವಲಿನಲ್ಲಿ ನಡುವಿನದ್ದು ಮೊದಲು, ಅಕ್ಕಪಕ್ಕದ್ದು ಆಮೇಲೆ, ತುಂಬೆಯ ಕುಟುಂಬದ ಕ್ರಮವೂ ಇದೇ. ಲಂಟಾನ ಇವತ್ತಿಗೂ ವರ್ಬಿನೇಸಿಯಲ್ಲೇ ಉಳಿದಿದೆ.

ನಮ್ಮಲ್ಲಿ ಸಿಗುವ ಉಳಿದ ಬದಲಾವಣೆಗಳು: ಎಕ್ಕ ಈಗ ಅಪೋಸೈನೇಸಿ; ಬೂರುಗ ಮಾಲ್ವೇಸಿ; ನೆಲ್ಲಿ, ನೆಲನೆಲ್ಲಿ ಯುಫೋರ್ಬಿಯೇಸಿಯಿಂದ ಫಿಲಾಂತೇಸಿಗೆ; ಶತಾವರಿ ಲಿಲಿಯೇಸಿಯಿಂದ ಆಸ್ಪರಾಗೇಸಿಗೆ.

ಪೆರ್ಲದಿಂದ: ಆ್ಯಪ್ ಹೇಳಿದ್ದನ್ನು ಹಾಗೆಯೇ ಬರೆಯಬೇಡಿ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಕೈಮಸೂರ, ಒಂದು ಬ್ಲೇಡು ಸಾಕು. ಕೇಪಳದ ಗೆಲ್ಲಿನಲ್ಲಿ ಎದುರುಬದುರಿನ ಎರಡು ಎಲೆಗಳ ತೊಟ್ಟಿನ ನಡುವೆ ಚೂಪಾದ ತ್ರಿಕೋನ ಪೊರೆ ಕಾಣುತ್ತದೆ. ಅದರ ಜೊತೆ ಅಂಡಾಶಯ ಎಸಳುಗಳ ಕೆಳಗಿದ್ದರೆ ರೂಬಿಯೇಸಿ ಎಂದು ಧೈರ್ಯವಾಗಿ ಬರೆಯಬಹುದು. ಆಡುಸೋಗೆ, ಗೋರಟೆಯ ಹೂವೂ ತುಟಿಯಾಕಾರದ್ದೇ, ಹಾಗಾಗಿ ಮಕ್ಕಳು ಲೇಮಿಯೇಸಿಗೆ ಹಾಕಿಬಿಡುತ್ತಾರೆ. ಕಾಯಿ ಒಡೆದು ನೋಡಿಸಿ: ಬೀಜದ ಬುಡದಲ್ಲಿ ಗಟ್ಟಿ ಕೊಕ್ಕೆ ಇದ್ದರೆ ಅಕ್ಯಾಂತೇಸಿ. ತುನ್‌ಬರ್ಜಿಯ ಬಳ್ಳಿ ಅದೇ ಕುಟುಂಬವಾದರೂ ಆ ಕೊಕ್ಕೆ ಇಲ್ಲ. ಒಂದೇ ಲಕ್ಷಣ ನೋಡಿ ನಿರ್ಧರಿಸಿದರೆ ತಪ್ಪುವುದು ಇಂಥಲ್ಲೇ. ಕಡಿಮೆಯೆಂದರೆ ಮೂರು ಲಕ್ಷಣ ಕೂಡಿಬರಲಿ.

ಹಾಲು ಬಂದರೆ ಬಣ್ಣ ಬರೆದುಕೊಳ್ಳಿ, ಕಣ್ಣಿಗೆ ತಾಗಿಸಬೇಡಿ. ಬನಗಳಲ್ಲಿ ಚೇರೆ ಮರದ ಬಗ್ಗೆ ಮೊದಲೇ ಎಚ್ಚರಿಸಿ. ಎಳೆ ಎಲೆಯ ತೊಟ್ಟಿನ ಮೇಲೆ ಮೃದುವಾದ ಎರಡು ಮುಳ್ಳಿನಂಥ ಚಾಚುಗಳಿರುತ್ತವೆ, ಸೊನೆ ಗಾಳಿಗೆ ಕಪ್ಪಾಗುತ್ತದೆ. ಮಾವು, ಗೇರಿನ ಕುಟುಂಬವೇ; ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ತಾಗಿದ ಕೂಡಲೇ ಸಾಬೂನು ಹಾಕಿ ತೊಳೆಯಬೇಕು.

ಕುಂಬಳೆಯಿಂದ: ಜಾಗ ನೋಡಿದರೆ ಅರ್ಧ ಕೆಲಸ ಆಯಿತು. ಪದವಿಗೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಮುರಕಲ್ಲಿನ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ, ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆ. ಅದಕ್ಕೇ ಹುಳ ಹಿಡಿಯುವ ಯುಟ್ರಿಕ್ಯುಲೇರಿಯ, ಡ್ರೊಸೆರ ಅಲ್ಲಿ ನಿಲ್ಲುತ್ತವೆ. ಬಿಳಿ ಗುಂಡಿಯಂಥ ತಲೆಯ ಪುಟ್ಟ ಗಿಡ ಎರಿಯೊಕಾಲೇಸಿ. ಈ ಕುಟುಂಬದ ಹೆಚ್ಚಿನ ಪ್ರಭೇದಗಳು ದಕ್ಷಿಣ ಅಮೆರಿಕದಲ್ಲಿವೆ, ನಮ್ಮಲ್ಲಿರುವುದು ಎರಿಯೊಕಾಲನ್ ಜಾತಿ (ಪ್ರಭೇದಗಳ ಗುಂಪು, ಜೀನಸ್). ಪಕ್ಕದ ಕಣ್ಣೂರು ಜಿಲ್ಲೆಯ ಮಾಡಾಯಿಪಾರದ ಹೆಸರನ್ನೇ ಹೊತ್ತ ಪ್ರಭೇದವೂ ಇದೆ. ಪ್ರಭೇದ ತಿಳಿಯಲು ಬಲಿತ ಬೀಜ ಬೇಕೇ ಬೇಕು, ಎಳೆಯದನ್ನು ಕಿತ್ತರೆ ಪ್ರಯೋಜನವಿಲ್ಲ.

ಬನದಲ್ಲಿ ಧೂಪ, ಬೋಗಿ ಕಂಡರೆ ಡಿಪ್ಟೆರೊಕಾರ್ಪೇಸಿ. ಬೋಗಿಯ ಕಾಯಿಗೆ ಎರಡು ಉದ್ದ ರೆಕ್ಕೆ, ಧೂಪದ ಕಾಯಿಗೆ ರೆಕ್ಕೆಯಿಲ್ಲ. ಬೀಜದ ಜೀವ ಬೇಗ ಹೋಗುತ್ತದೆ, ದೂರ ಹರಡುವುದೂ ಇಲ್ಲ. ಹಾಗಾಗಿ ಕಡಿದ ಗುಡ್ಡೆಗೆ ಇವು ತಾವಾಗಿ ಮರಳುವುದು ಬಲು ಕಷ್ಟ. ಬನ ಉಳಿಸಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹೊಳೆಬಾಯಿಯಲ್ಲಿ ಎಲ್ಲವನ್ನೂ ಕಾಂಡ್ಲ ಅನ್ನುತ್ತೇವೆ, ಕುಟುಂಬ ಒಂದೇ ಅಲ್ಲ. ಊರುಗಾಲಿನಂಥ ಬೇರಿನದು ರೈಜೊಫೊರೇಸಿ. ಕೆಸರಿನಿಂದ ಪೆನ್ಸಿಲಿನಂತೆ ಬೇರು ಏಳುವ ಉಪ್ಪಟ್ಟಿ ಈಗ ಅಕ್ಯಾಂತೇಸಿ. ಕಳ್ಳಿಯನ್ನು ಕ್ಯಾಕ್ಟೇಸಿಗೆ ಹಾಕಿಸಬೇಡಿ. ಗೀರಿದರೆ ಬಿಳಿ ಹಾಲು ಬರುವುದು ಯುಫೋರ್ಬಿಯೇಸಿ. ಕ್ಯಾಕ್ಟೇಸಿ ಒಂದು ಪ್ರಭೇದ ಬಿಟ್ಟರೆ ಪೂರ್ತಿ ಅಮೆರಿಕ ಖಂಡಗಳದ್ದು, ಇಲ್ಲಿ ಕಾಣುವ ಪಾಪಾಸುಕಳ್ಳಿ ಹೊರಗಿನಿಂದ ಬಂದದ್ದು. ಬ್ರೆಜಿಲಿನ ಗೇರಿನಂತೆ ತಂದ ಗಿಡವಾದರೆ ಚೀಟಿಯಲ್ಲಿ ಹಾಗೆಂದು ನಮೂದಿಸಿ.

ಮಂಜೇಶ್ವರದಿಂದ: ಬೂಸ್ಟಿಗೆ ಕಾರಣ ಒದ್ದೆ ಪೇಪರು. ಮೊದಲ ನಾಲ್ಕು ದಿನ ದಿನಕ್ಕೊಮ್ಮೆ ಪೇಪರು ಬದಲಾಯಿಸಿ, ಆಮೇಲೆ ದಿನ ಬಿಟ್ಟು ದಿನ. ಗಿಡಗಳ ನಡುವೆ ಸುಕ್ಕು ರಟ್ಟು ಇಟ್ಟು, ಅದರ ತೂತುಗಳು ಮೇಲೆ ಕೆಳಗೆ ಬರುವಂತೆ ಕಟ್ಟು ನಿಲ್ಲಿಸಿ, ಕೆಳಗೆ ಹಳೆಯ ನಮೂನೆಯ ಬಿಸಿಯಾಗುವ ಬಲ್ಬು ಉರಿಸಿದರೆ ಗಾಳಿ ಹರಿದು ಬೇಗ ಒಣಗುತ್ತದೆ. ಕಾವು ಹೆಚ್ಚಾದರೆ ಎಲೆ ಕಂದಾಗಿ ಮುರಿಯುತ್ತದೆ. ಯುಟ್ರಿಕ್ಯುಲೇರಿಯವನ್ನು ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ ಕಾಗದ ತೂರಿಸಿ ಎತ್ತಬೇಕು. ಡ್ರೊಸೆರ ಪೇಪರಿಗೆ ಅಂಟುವುದರಿಂದ ಬಟರ್ ಪೇಪರು ಬೇಕು. ರಸಭರಿತ ಗಿಡವನ್ನು ಹೂ ಬಿಟ್ಟು ಉಳಿದ ಭಾಗ ಕುದಿನೀರಿಗೆ ಅದ್ದಿ ಒತ್ತಿ, ಇಲ್ಲದಿದ್ದರೆ ಗಿಡ ಒತ್ತುವ ಪ್ರೆಸ್ಸಿನೊಳಗೂ ಬದುಕಿರುತ್ತದೆ.

ಹಾಳೆ 42×28 ಸೆಂಟಿಮೀಟರ್. ಹುಳಕ್ಕೆ ಮರ್ಕ್ಯುರಿಕ್ ಕ್ಲೋರೈಡ್ ಶಾಲೆಯಲ್ಲಿ ಬೇಡವೇ ಬೇಡ, ಅದು ಘೋರ ವಿಷ. ಒಣಗಿದ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಥಂಡಿ ಪೂರ್ತಿ ಇಳಿಯುವ ತನಕ ಕಟ್ಟು ಬಿಚ್ಚಬೇಡಿ, ನೀರು ಕೂರುತ್ತದೆ.

ಕೇಳಿದವರು: ಪದವಿನಿಂದ ಎಷ್ಟು ಗಿಡ ಕೀಳಬಹುದು?

ಕುಂಬಳೆಯಿಂದ: ಇಪ್ಪತ್ತು ಕಂಡರೆ ಒಂದು, ಅದಕ್ಕಿಂತ ಕಡಿಮೆಯಿದ್ದರೆ ಫೋಟೋ ಮಾತ್ರ. ಬನದಲ್ಲಿ ಸಂಬಂಧಪಟ್ಟವರನ್ನು ಕೇಳಿಯೇ ಗೆಲ್ಲು ಮುರಿಯಿರಿ. ರಿಸರ್ವ್ ಫಾರೆಸ್ಟ್ ಆದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ.