ಪದ ಬೇಕು: 'ಸ್ಟೈರೀನ್ ಪ್ಲಾಸ್ಟಿಕ್' (ಬೋರ್ಡಿಗೆ, ತುರ್ತು)

ನಮಸ್ಕಾರ. ನಮ್ಮ ವಾರ್ಡಿನ ಒಣಕಸ ಕೇಂದ್ರದ ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಥರ್ಮಾಕೋಲ್, ತ್ರಿಕೋನದೊಳಗೆ 6 ಅಂತಿರುವ ಪಾಲಿಸ್ಟೈರೀನ್, ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಮೂರಕ್ಕೂ ಇಂಗ್ಲಿಷ್ ಪಟ್ಟಿಯಲ್ಲಿ ಒಂದೇ ಹೆಸರಿದೆ: ಸ್ಟೈರೀನ್ ಪ್ಲಾಸ್ಟಿಕ್. ಕಸ ವಿಂಗಡಿಸುವ ಅಕ್ಕಂದಿರಿಗೆ ಓದಿದ ಕೂಡಲೇ ತಿಳಿಯುವ ಕನ್ನಡ ಪದ ಯಾವುದು?

ಉತ್ತರ 1:
'ಬೆಂಡು' ಇರುವಾಗ ಹುಡುಕಾಟ ಯಾಕೆ? ಹಗುರ, ಬಿಳಿ, ನೀರಲ್ಲಿ ತೇಲುತ್ತದೆ. ಮದುವೆಯ ಬಾಸಿಂಗ ಮಾಡುತ್ತಿದ್ದದ್ದು ಬೆಂಡಿನಲ್ಲೇ, ಈಗ ಆ ಜಾಗಕ್ಕೆ ಥರ್ಮಾಕೋಲ್ ಬಂದಿದೆ. ಅದು ಕಂಪನಿ ಇಟ್ಟ ವ್ಯಾಪಾರದ ಹೆಸರು. 'ಹುಸಿಬೆಂಡು' ಅನ್ನಿ. ಸ್ಟೈರೀನಿಗೆ 'ಸಾಂಬ್ರಾಣಿಕ' ಆಗಬಹುದು. ಸಾಂಬ್ರಾಣಿ ಮರದ ಕುಲದ ಹೆಸರೇ ಸ್ಟೈರಾಕ್ಸ್ ಅಲ್ವಾ?

ಉತ್ತರ 2:
ಬೋರ್ಡಿನ ಮೇಲೆ ಸಾಂಬ್ರಾಣಿ ಅಂತ ಬರೆದರೆ ಓದಿದವರನ್ನು ಬೈದ ಹಾಗಾಗುತ್ತದೆ, ಬೇಡ ಸ್ವಾಮಿ. ಮೂಲವೂ ಅದಲ್ಲ. 1839ರಲ್ಲಿ ಬರ್ಲಿನ್ನಿನ ಔಷಧಿ ವ್ಯಾಪಾರಿ ಎಡ್ವರ್ಡ್ ಸೈಮನ್ ಬಟ್ಟಿ ಇಳಿಸಿ ಸ್ಟೈರೀನ್ ಪಡೆದದ್ದು ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಶಿಲಾರಸ ಅನ್ನೋ ಮರದ ಅಂಟಿನಿಂದ. ಅದರ ಮರವೇ ಬೇರೆ.

ನಾನು ಮೋಲ್ಡಿಂಗ್ ಕೆಲಸದವನು. ಮೊದಲು ವಸ್ತು ನೋಡಿ. ಥರ್ಮಾಕೋಲಿನಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಗಾಳಿ. ಆಟೋ ತುಂಬ ಹೇರಿದರೂ ತೂಕ ಬರೋದಿಲ್ಲ, ಗುಜರಿಯವರು ಮುಟ್ಟೋದಿಲ್ಲ. ಗಾಳಿ ತುಂಬದ ಪಾಲಿಸ್ಟೈರೀನ್ ಅಂದರೆ ಹಳೆಯ ಸಿ.ಡಿ. ಡಬ್ಬಿ. ಗಾಜಿನಷ್ಟು ತಿಳಿ, ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ. ಎಬಿಎಸ್‌ನಲ್ಲಿ ರಬ್ಬರಿನ ಅಂಶ ಇರುತ್ತದೆ. ಬಗ್ಗಿಸಿದರೆ ಆ ಜಾಗ ಬೆಳ್ಳಗಾಗುತ್ತದೆ, ಸುಲಭಕ್ಕೆ ಮುರಿಯೋದಿಲ್ಲ. ಎಷ್ಟೋ ಹೆಲ್ಮೆಟ್ಟುಗಳಲ್ಲಿ ಹೊರಚಿಪ್ಪು ಎಬಿಎಸ್, ಒಳಗಿನ ಮೆತ್ತೆ ಥರ್ಮಾಕೋಲಿನ ಜಾತಿಯದು. ಇದರಲ್ಲಿ ನಿಮ್ಮ ಬೆಂಡು ಯಾವುದು? ಪಾಲಿಸ್ಟೈರೀನು, ಎಬಿಎಸ್ಸು ಕೂಡಿಸಿ ಕರಗಿಸಿದರೆ ಮಾಲು ಪೆಡಸಾಗುತ್ತದೆ. ಮೂರಕ್ಕೂ ಒಂದೇ ಹೆಸರು ಕೊಟ್ಟರೆ ಮೂರೂ ಒಂದೇ ಚೀಲಕ್ಕೆ ಬೀಳುತ್ತವೆ.

ಉತ್ತರ 1:
ಹೀಗೆ ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋದರೆ ಕನ್ನಡದ್ದು ಅಂತ ಉಳಿಯೋದು ಬರೀ ವಿಭಕ್ತಿ ಪ್ರತ್ಯಯ.

ಉತ್ತರ 3:
ಕೂತಿರುವ ಕುರ್ಚಿ ಎಲ್ಲಿಯದು ಸಾರ್? ಜಾತ್ರೆಯಲ್ಲಿ ಬೆಂಡಿನ ಜೊತೆ ಕಟ್ಟಿಕೊಡುವ ಬತ್ತಾಸು ಅಚ್ಚಗನ್ನಡವೇ? ಗಣೇಶನ ಹಬ್ಬದ ಮಂಟಪಕ್ಕೆ ಜನ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಥರ್ಮಾಕೋಲ್ ಶೀಟನ್ನೇ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ನಿಷೇಧವಾಯಿತು. ಪದಕ್ಕೆ ನಿಷೇಧ ಇಲ್ಲ.

ಉತ್ತರ 1:
ಕುರ್ಚಿಯ ವಾದ ಕೇಳಿ ಕೇಳಿ ಸಾಕಾಗಿದೆ.

ಪ್ರಶ್ನೆ ಕೇಳಿದವರು:
ಜಗಳ ಆಮೇಲೆ ಆಡಿ. ಮೂರು ಸಾಲು ಮಾಡಿದ್ದೇನೆ: 'ಥರ್ಮಾಕೋಲ್', 'ಚಟ್ಟನೆ ಮುರಿಯುವ ಪ್ಲಾಸ್ಟಿಕ್, ಗುರುತು 6', 'ಹೆಲ್ಮೆಟ್ ಚಿಪ್ಪಿನಂಥ ಗಟ್ಟಿ ಪ್ಲಾಸ್ಟಿಕ್, ಎಬಿಎಸ್'. ಹೆಲ್ಮೆಟ್ಟಿನ ಒಳಮೆತ್ತೆ ಕಿತ್ತು ಬೇರೆ ಹಾಕಿ ಅಂತ ಕೆಳಗೆ ಸೇರಿಸಿದ್ದೇನೆ. ಕಾಗುಣಿತ 'ಥರ್ಮಾಕೋಲ್' ಸರಿಯೋ, 'ಥರ್ಮೋಕೋಲ್' ಸರಿಯೋ? ಅಷ್ಟಕ್ಕೆ ಮಾತ್ರ ಉತ್ತರ ಕೊಡಿ.